ದುಡ್ಡು ಕೊಡುವ ಮೊದಲು ಕಂಪನಿಯ ಜಾತಕ ನೋಡಿ

ನಮ್ಮ ಚಿಕ್ಕಮ್ಮ ಬೀಡಿ ಕಟ್ಟಿ ಕೂಡಿಟ್ಟ ದುಡ್ಡನ್ನು ಮಂಗಳೂರಿನ ಒಂದು ಕಂಪನಿಗೆ ಕೊಟ್ಟರು. ಆಫೀಸಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಸರ್ಟಿಫಿಕೇಟ್, ಅದರ ಮೇಲೆ ಸಿಂಹದ ಮುದ್ರೆ. 'ಸರ್ಕಾರದ್ದೇ ಕಾಗದ ಅಲ್ವಾ' ಅಂದುಕೊಂಡರು. ಕಾಗದ ಅಸಲಿಯೇ. ಆದರೆ ಅದು ಕಂಪನಿ ಹುಟ್ಟಿದೆ ಅನ್ನುವುದಕ್ಕೆ ಮಾತ್ರ ಸಾಕ್ಷಿ, ನಮ್ಮ ದುಡ್ಡಿಗೆ ಜಾಮೀನಲ್ಲ. ದುಡ್ಡು ವಾಪಸ್ ಬರಲೇ ಇಲ್ಲ.

ಆ ಕಾಗದ ಬರುವುದು ರಿಜಿಸ್ಟ್ರಾರ್ ಆಫ್ ಕಂಪನೀಸ್ ಹೆಸರಿನಲ್ಲಿ. ಎಲ್ಲರೂ ಆರ್‌ಒಸಿ ಅನ್ನುತ್ತಾರೆ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಕೆಳಗಿನ ಕಚೇರಿ ಇದು. 2013ರ ಕಂಪನಿ ಕಾಯ್ದೆಯಂತೆ ಕಂಪನಿಯ ಹೆಸರು, ನಿರ್ದೇಶಕರು, ಲೆಕ್ಕಪತ್ರ ಎಲ್ಲ ಇಲ್ಲಿ ದಾಖಲಾಗುತ್ತದೆ. ನಮ್ಮ ರಾಜ್ಯದ ಆರ್‌ಒಸಿ ಬೆಂಗಳೂರಿನಲ್ಲಿದೆ. ಆದರೆ ಅದಕ್ಕಾಗಿ ಘಾಟಿ ಹತ್ತಬೇಕಿಲ್ಲ, ಮೊಬೈಲ್ ಸಾಕು.

ಮೊದಲು ಸಿಐಎನ್, ಅಂದರೆ ಕಂಪನಿಯ ನೋಂದಣಿ ಗುರುತಿನ ಸಂಖ್ಯೆ ಕೇಳಿ. 21 ಅಕ್ಷರ, ಅಂಕಿಗಳ ಗುರುತು ಅದು. ಕಂಪನಿಯ ಲೆಟರ್‌ಹೆಡ್‌ನಲ್ಲಿ, ಬಿಲ್‌ನಲ್ಲಿ ಇರಲೇಬೇಕು. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಎದ್ದು ಬನ್ನಿ. ಮಂಗಳೂರಿನಲ್ಲೇ ಹುಟ್ಟಿದ ಕರ್ನಾಟಕ ಬ್ಯಾಂಕ್‌ನ ಸಿಐಎನ್ ನೋಡಿ. ಶುರುವಿನಲ್ಲಿ ಎಲ್, ಅಂದರೆ ಷೇರುಪೇಟೆಯಲ್ಲಿದೆ. ಐದು ಅಂಕಿ ದಾಟಿದರೆ ಕೆಎ, ಅಂದರೆ ಕರ್ನಾಟಕ. ಪಕ್ಕದಲ್ಲೇ ಹುಟ್ಟಿದ ವರ್ಷ, 1924. ಆಮೇಲೆ ಪಿಎಲ್‌ಸಿ, ಅಂದರೆ ಪಬ್ಲಿಕ್ ಲಿಮಿಟೆಡ್. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. 'ನಮಗೆ 30 ವರ್ಷದ ಅನುಭವ' ಅನ್ನುವವರ ಸಿಐಎನ್‌ನಲ್ಲಿ 2023 ಕಂಡರೆ ಬಾಯಿಬಿಟ್ಟು ಕೇಳಿ.

ಈಗ ಸಚಿವಾಲಯದ ಎಂಸಿಎ ವೆಬ್‌ಸೈಟಿಗೆ ಹೋಗಿ, 'ಮಾಸ್ಟರ್ ಡೇಟಾ' ತೆರೆದು ಆ ಸಂಖ್ಯೆ ಹಾಕಿ. ಇದಕ್ಕೆ ದುಡ್ಡಿಲ್ಲ. 'ಸ್ಟ್ರೈಕ್ ಆಫ್' ಎಂದಿದ್ದರೆ ಕಂಪನಿಯ ಹೆಸರನ್ನು ಪಟ್ಟಿಯಿಂದ ತೆಗೆದಿದ್ದಾರೆ ಎಂದರ್ಥ. 'ಆ್ಯಕ್ಟಿವ್' ಎಂದಿದ್ದರೂ ಅಲ್ಲಿಗೇ ನಿಲ್ಲಬೇಡಿ, ಕೊನೆಯ ಬ್ಯಾಲೆನ್ಸ್ ಶೀಟಿನ ತಾರೀಖು ನೋಡಿ. ಪ್ರತಿ ವರ್ಷ ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ಚಿಕ್ಕಮ್ಮನ ಕಂಪನಿಯನ್ನು ನಾನು ಆಮೇಲೆ ಹುಡುಕಿದೆ. ಅವರು ದುಡ್ಡು ಕೊಡುವ ಮೂರು ವರ್ಷ ಮೊದಲೇ ಲೆಕ್ಕ ನಿಂತಿತ್ತು. ಐದು ನಿಮಿಷದ ಕೆಲಸ, ಮೊದಲೇ ಮಾಡಿಕೊಡಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಬಂಡವಾಳದ ಸಾಲನ್ನೂ ಓದಿ. 2015ರ ತಿದ್ದುಪಡಿಯ ಬಳಿಕ ಇಷ್ಟಾದರೂ ಬಂಡವಾಳ ಇರಬೇಕೆಂಬ ನಿಯಮ ಇಲ್ಲ. ದೊಡ್ಡ ಬೋರ್ಡ್ ನೋಡಿ ಸುಮ್ನೆ ನಂಬಬೇಡಿ.

ಸಹಕಾರ ಸಂಘಗಳು ಇಲ್ಲಿ ಸಿಗುವುದಿಲ್ಲ, ಅವುಗಳ ರಿಜಿಸ್ಟ್ರಾರ್ ಬೇರೆ. ಕಂಪನಿ ಠೇವಣಿ ಕೇಳಿದರೆ, ಠೇವಣಿ ಪಡೆಯಲು ಅನುಮತಿ ಇರುವ ಹಣಕಾಸು ಕಂಪನಿಗಳ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲೂ ಹುಡುಕಿ. ಗಲ್ಫ್ ಕೆಲಸ ಕೊಡಿಸುತ್ತೇವೆ ಅಂದರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಆ ಏಜೆಂಟರ ಲೈಸೆನ್ಸ್ ಇದೆಯಾ ನೋಡಿ.