ಮೂರು ಕ್ಯಾಮೆರಾಗಳ ಬಯಲಾಟವನ್ನು ನಾನು ಸಂಕಲಿಸುವ ಬಗೆ

ಕರಾವಳಿಯ ಯಕ್ಷಗಾನ ಬಯಲಾಟಗಳನ್ನು ನಾನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುತ್ತೇನೆ. ಪ್ರೇಕ್ಷಕರ ಹಿಂದಿರುವುದು ಇಡೀ ರಂಗಸ್ಥಳವನ್ನು ಹಿಡಿದರೆ, ಮುಂದಿನ ಸಾಲಿನ ಪಕ್ಕದ್ದು ವೇಷಧಾರಿಗಳ ಮುಖವನ್ನು ಹಿಡಿಯುತ್ತದೆ. ಮೂರನೆಯದು, ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲ್, ಹಿಮ್ಮೇಳದ ಪಾಲಿಗೆ. ಧ್ವನಿಯನ್ನು ಮಾತ್ರ ಮೈಕಿನವರ ಮಿಕ್ಸರಿನಿಂದ ಪ್ರತ್ಯೇಕ ರೆಕಾರ್ಡರಿಗೆ ತೆಗೆದುಕೊಳ್ಳುತ್ತೇನೆ.

ಚಿತ್ರೀಕರಣಕ್ಕೆ ಮುನ್ನವೇ ಎಲ್ಲ ಕ್ಯಾಮೆರಾಗಳನ್ನು ಸೆಕೆಂಡಿಗೆ 25 ಫ್ರೇಮಿಗೂ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪಗಳು ಮಿನುಗದಂತೆ ಶಟರನ್ನು 1/50 ಸೆಕೆಂಡಿಗೂ ನಿಲ್ಲಿಸುತ್ತೇನೆ. ಬಣ್ಣದ ಹದ ನಿಗದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ, ಕೆಂಪು ಬೆಳಕು ಬಿದ್ದಾಗ ಒಂದೇ ಮುಖವರ್ಣಿಕೆ ಮೂರು ಬಣ್ಣಗಳಲ್ಲಿ ಬರುತ್ತದೆ. ಮೊಬೈಲಿನ ಫ್ರೇಮ್ ದರ ಏರಿಳಿಯುವುದರಿಂದ ಆ ಕಡತವನ್ನು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಸ್ಥಿರವಾದ 25ಕ್ಕೆ ಪರಿವರ್ತಿಸಿದ ಮೇಲೆಯೇ ಸಂಕಲನಕ್ಕೆ ತರುತ್ತೇನೆ.

ಸಂಕಲನಕ್ಕೆ ಬಳಸುವುದು ಡಾವಿಂಚಿ ರಿಸಾಲ್ವ್. ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನು ಆಯ್ದು, ಧ್ವನಿಯ ಆಧಾರದಲ್ಲಿ ಮಲ್ಟಿಕ್ಯಾಮ್ ಕ್ಲಿಪ್ (ಎಲ್ಲ ಕ್ಯಾಮೆರಾಗಳನ್ನು ಒಂದರಲ್ಲಿ ಕೂಡಿಸಿದ ಕ್ಲಿಪ್) ಮಾಡಲು ಹೇಳಿದರೆ ತಂತ್ರಾಂಶವೇ ಧ್ವನಿಯ ಅಲೆಗಳನ್ನು ತಾಳೆ ನೋಡಿ ಜೋಡಿಸುತ್ತದೆ. ಚೆಂಡೆಯ ಪೆಟ್ಟುಗಳು ಅಲೆಯಲ್ಲಿ ಚೂಪಾಗಿ ಎದ್ದು ಕಾಣುವುದರಿಂದ ಯಕ್ಷಗಾನದಲ್ಲಿ ಇದು ಸಲೀಸು. ಆದರೂ ಆ ಜೋಡಣೆಯನ್ನು ನಾನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ಒಂದು ಫ್ರೇಮಿನ 40 ಮಿಲಿಸೆಕೆಂಡಿನಲ್ಲಿ ಅದು ಕ್ರಮಿಸುವುದು ಹದಿನಾಲ್ಕು ಮೀಟರಿಗಿಂತ ಕೊಂಚ ಕಡಿಮೆ. ಹಿಂದಿನ ಕ್ಯಾಮೆರಾ ರಂಗಸ್ಥಳದಿಂದ 28 ಮೀಟರ್ ದೂರದಲ್ಲಿದ್ದರೆ ಅದರ ಮೈಕಿಗೆ ಪೆಟ್ಟು ಎರಡು ಫ್ರೇಮ್ ತಡವಾಗಿ ಕೇಳಿರುತ್ತದೆ. ತಂತ್ರಾಂಶ ಆ ತಡವಾದ ಶಬ್ದವನ್ನೇ ಮಿಕ್ಸರಿನ ಶಬ್ದಕ್ಕೆ ಸೇರಿಸುವುದರಿಂದ ಚಿತ್ರ ಎರಡು ಫ್ರೇಮ್ ಮುಂದೋಡುತ್ತದೆ. ಮಾತಿನಲ್ಲಿ ಅದು ಗಮನಕ್ಕೆ ಬಾರದಿರಬಹುದು, ಚೆಂಡೆಯಲ್ಲಿ ಬಂದೇ ಬರುತ್ತದೆ. ಮಲ್ಟಿಕ್ಯಾಮ್ ಕ್ಲಿಪ್ಪನ್ನು ಟೈಮ್‌ಲೈನಿನಲ್ಲಿ ತೆರೆದು, ಕೋಲು ಚೆಂಡೆಯ ಚರ್ಮದ ಮುಚ್ಚಿಗೆಗೆ ತಾಗುವ ಫ್ರೇಮನ್ನು ಹುಡುಕಿ, ಅದು ಅಲೆಯ ತುದಿಯ ಮೇಲೆ ಕೂರುವವರೆಗೆ ಆ ಒಂದು ಕ್ಯಾಮೆರಾದ ಪಟ್ಟಿಯನ್ನು ಬಲಕ್ಕೆ ಸರಿಸುತ್ತೇನೆ.

ಬಳಿಕ ಮೂರೂ ಚಿತ್ರಗಳನ್ನು ಒಟ್ಟಿಗೆ ಓಡಿಸುತ್ತ, ಬೇಕಾದುದನ್ನು ಕ್ಲಿಕ್ಕಿಸುತ್ತ ಹೋಗುತ್ತೇನೆ. ಮಿಕ್ಸರಿನ ಧ್ವನಿ ಅಖಂಡವಾಗಿ ಉಳಿಯಬೇಕಾದ್ದರಿಂದ ಬದಲಾವಣೆ ಚಿತ್ರಕ್ಕೆ ಮಾತ್ರ ಅನ್ವಯಿಸುವಂತೆ ಮೊದಲೇ ಇಟ್ಟಿರುತ್ತೇನೆ. ಓಡುತ್ತಿರುವಾಗ ಮಾಡಿದ ಕತ್ತರಿ, ಕೈ ತಡವಾಗಿ, ಕೆಲವು ಫ್ರೇಮ್ ಹಿಂದೆ ಬೀಳುವುದು ಸಹಜ. ಎರಡನೆಯ ಸುತ್ತಿನಲ್ಲಿ ಅವನ್ನು ಎಳೆದು ಸರಿಪಡಿಸುತ್ತೇನೆ. ಆಯ್ಕೆ ತಪ್ಪೆನಿಸಿದರೆ ಆಲ್ಟ್ ಒತ್ತಿ ಕ್ಲಿಕ್ಕಿಸಿದರಾಯಿತು, ಹೊಸ ಕತ್ತರಿ ಬೀಳದೆ ಕ್ಯಾಮೆರಾ ಮಾತ್ರ ಬದಲಾಗುತ್ತದೆ.

ಎಲ್ಲಿ ಬದಲಿಸಬೇಕೆಂಬುದನ್ನು ಆಟವೇ ಹೇಳುತ್ತದೆ. ಪದ್ಯದ ಎತ್ತುಗಡೆಗೆ ಹಾಡುವ ಭಾಗವತರು, ಕುಣಿತ ತೊಡಗಿದ ಮೇಲೆ ಕಾಲು ಕಾಣುವಷ್ಟು ಅಗಲದ ಚಿತ್ರ, ಮುಕ್ತಾಯದ ಬಡಿತವಾದ ಬಿಡ್ತಿಗೆಯ ಕೊನೆಯ ಪೆಟ್ಟು ಬಿದ್ದಾಗ ಮುಖ. ಧೀಂಗಿಣದ, ಎಂದರೆ ಸುತ್ತುತ್ತ ಹಾರುವ ಕುಣಿತದ, ನಡುವೆ ಮುಖದ ಸಮೀಪಚಿತ್ರ ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇರುವ ಕ್ಯಾಮೆರಾಗಳನ್ನೆಲ್ಲ ಪ್ರದರ್ಶಿಸಬೇಕೆಂಬ ಉಮೇದು ಅದು. ವೇಷಧಾರಿಗಳ ಆಶುಮಾತಾದ ಅರ್ಥಗಾರಿಕೆಯಲ್ಲಿ ಮಾತಾಡುವವರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚಾಗಿ, ಕೇಳಿಸಿಕೊಳ್ಳುತ್ತಿರುವ ಎದುರು ವೇಷವನ್ನು ತೋರಿಸುತ್ತೇನೆ, ಏಕೆಂದರೆ ಮುಂದಿನ ಮಾತು ಅಲ್ಲಿಯೇ ಹುಟ್ಟುತ್ತಿರುತ್ತದೆ.

ಹೀಗೆ ಸಂಕಲಿಸಿದ ಪ್ರತಿಯು ಪ್ರೇಕ್ಷಕರಿಗಾಯಿತು. ತಮ್ಮ ಹೆಜ್ಜೆಯನ್ನು ತಾವೇ ನೋಡಬಯಸುವ ಕಲಾವಿದರಿಗೆ ಹಿಂದಿನ ಕ್ಯಾಮೆರಾದ ಚಿತ್ರವನ್ನು ಎಲ್ಲಿಯೂ ಕತ್ತರಿಸದೆ, ಮಿಕ್ಸರಿನ ಧ್ವನಿ ಕೂಡಿಸಿ ಬೇರೆಯಾಗಿಯೇ ಕೊಡುತ್ತೇನೆ.