ವಾಯುಪಡೆಯ ಪೈಲಟ್ ಆಗಬಯಸುವವರು ಮೊದಲು ಅಳತೆಪಟ್ಟಿ ಹಿಡಿಯಲಿ

ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡದ ಹಾರಾಟವನ್ನು ಕತ್ತೆತ್ತಿ ನೋಡಿದ ದಿನದಿಂದ ಪೈಲಟ್ ಆಗುವ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಆಸೆ ಗಟ್ಟಿಯಾದ ಕೂಡಲೇ ಕೋಚಿಂಗ್ ಕೇಂದ್ರಕ್ಕೆ ಹಣ ಕಟ್ಟುವುದು ರೂಢಿ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಲಿಖಿತ ಪರೀಕ್ಷೆಯಲ್ಲಿ ಸೋತವರು ಮತ್ತೆ ಬರೆಯಬಹುದು, ಆದರೆ ತೊಡೆಯ ಉದ್ದವನ್ನಾಗಲಿ ಬಣ್ಣ ಗುರುತಿಸುವ ಶಕ್ತಿಯನ್ನಾಗಲಿ ಯಾವ ತರಬೇತಿಯೂ ಬದಲಾಯಿಸಲಾರದು.

ಆದ್ದರಿಂದ ಮೊದಲು ನೇತ್ರತಜ್ಞರನ್ನು ಕಾಣಿರಿ. ಹಾರಾಟ ವಿಭಾಗಕ್ಕೆ ಒಂದು ಕಣ್ಣಿನಲ್ಲಿ 6/6, ಇನ್ನೊಂದರಲ್ಲಿ ಕನಿಷ್ಠ 6/9 ದೃಷ್ಟಿ ಇರಬೇಕು. ದೂರದ್ದು ಮಸುಕಾಗುವ ಸಮೀಪದೃಷ್ಟಿ ದೋಷವನ್ನು ಒಪ್ಪುವುದಿಲ್ಲ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕದಿಂದ ವರ್ಣದೃಷ್ಟಿಯನ್ನೂ ಅದೇ ದಿನ ಪರೀಕ್ಷಿಸಿಕೊಳ್ಳಿ. ಕನ್ನಡಕ ಬಿಡಿಸಿಕೊಳ್ಳಲು ಲೇಸರ್ ಚಿಕಿತ್ಸೆಗೆ ಅವಸರಪಡಬೇಡಿ: ಪದವಿಯ ನಂತರದ ಪ್ರವೇಶಗಳಲ್ಲಿ ಅದಕ್ಕೆ ಷರತ್ತಿನ ಮೇಲೆ ಅವಕಾಶವಿದ್ದರೂ, 20 ವರ್ಷ ತುಂಬುವ ಮೊದಲು ಮಾಡಿಸಿಕೊಂಡಿದ್ದರೆ ಆ ಬಾಗಿಲೂ ಮುಚ್ಚುತ್ತದೆ.

ಅನಂತರ ಗೋಡೆಗೆ ಬೆನ್ನು ಒತ್ತಿ ಕುಳಿತು ಮನೆಯವರಿಂದ ಅಳತೆ ತೆಗೆಸಿರಿ. ನಿಂತ ಎತ್ತರ ಕನಿಷ್ಠ 162.5 ಸೆಂ.ಮೀ., ಕುಳಿತ ಎತ್ತರ 81.5ರಿಂದ 96 ಸೆಂ.ಮೀ., ಕಾಲಿನ ಉದ್ದ 99ರಿಂದ 120 ಸೆಂ.ಮೀ. ಇರಬೇಕು, ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಇದು ಅಧಿಕಾರಿಗಳ ಹಠವಲ್ಲ. ಆಪತ್ತಿನಲ್ಲಿ ಪೈಲಟ್‌ನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸುವಾಗ ಉದ್ದ ತೊಡೆಯವನ ಮೊಣಕಾಲು ಎದುರಿನ ಉಪಕರಣ ಫಲಕಕ್ಕೆ ಬಡಿಯುತ್ತದೆ, ಗಿಡ್ಡ ಕಾಲಿನವನಿಗೆ ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಪೂರ್ತಿ ಎಟುಕುವುದಿಲ್ಲ.

ಇಷ್ಟರಲ್ಲಿ ಪಾರಾದರೆ ದಾರಿಯ ಆಯ್ಕೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಓದದವರಿಗೆ ಹಾರಾಟ ವಿಭಾಗದ ಯಾವ ದಾರಿಯೂ ತೆರೆಯದು, ಎನ್‌ಡಿಎಗೆ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ರಸಾಯನಶಾಸ್ತ್ರವೂ ಬೇಕು. ಹತ್ತನೆಯ ತರಗತಿಯ ನಂತರ ವಿಷಯ ಆರಿಸುವ ದಿನವೇ ಇದು ನೆನಪಿರಲಿ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನವರು ಯುಪಿಎಸ್‌ಸಿ ವರ್ಷಕ್ಕೆರಡು ಬಾರಿ ನಡೆಸುವ ಎನ್‌ಡಿಎ ಪರೀಕ್ಷೆ ಬರೆಯಬಹುದು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕಗಳು. ಪದವೀಧರರಿಗೆ ಸಿಡಿಎಸ್ (ಸಂಯುಕ್ತ ರಕ್ಷಣಾ ಸೇವೆಗಳ ಪರೀಕ್ಷೆ), ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್ (ವಾಯುಪಡೆಯ ಸಾಮಾನ್ಯ ಪ್ರವೇಶ ಪರೀಕ್ಷೆ) ಮತ್ತು ಎನ್‌ಸಿಸಿ ವಾಯುವಿಭಾಗದ ‘ಸಿ’ ಪ್ರಮಾಣಪತ್ರದ ಮೂಲಕ ವಿಶೇಷ ಪ್ರವೇಶವಿದೆ. ಎಎಫ್‌ಕ್ಯಾಟ್‌ಗೆ ವಯೋಮಿತಿ 20ರಿಂದ 24, ವಾಣಿಜ್ಯ ಪೈಲಟ್ ಪರವಾನಗಿ ಇದ್ದವರಿಗೆ 26. ಈ ಪರೀಕ್ಷೆಯಿಂದ ಸೇರುವ ಪೈಲಟ್‌ಗಳ ಸೇವೆ 14 ವರ್ಷಗಳ ಅಲ್ಪಾವಧಿಯದು ಎಂಬುದನ್ನು ತಿಳಿದೇ ಅರ್ಜಿ ಹಾಕಿರಿ. ಪಿಯುಸಿಯಲ್ಲಿ ವಿಜ್ಞಾನ ಓದಿ ಮುಂದೆ ಬಿ.ಕಾಂ. ಮಾಡಿದವರಿಗೂ, ಪದವಿಯಲ್ಲಿ ಶೇ. 60 ಅಂಕವಿದ್ದರೆ, ಇಲ್ಲಿ ತಡೆಯಿಲ್ಲ.

ಲಿಖಿತ ಪರೀಕ್ಷೆಯ ನಂತರದ ಆಯ್ಕೆ ಮಂಡಳಿಯ ಸಂದರ್ಶನ ಐದು ದಿನಗಳದ್ದು, ವಾಯುಪಡೆಯ ಅಂಥದೊಂದು ಮಂಡಳಿ ಮೈಸೂರಿನಲ್ಲೇ ಇದೆ. ಮೊದಲ ದಿನವೇ ಬುದ್ಧಿಮತ್ತೆಯ ಪ್ರಶ್ನೆಗಳಿಂದಲೂ ಚಿತ್ರ ನೋಡಿ ಕಥೆ ಕಟ್ಟಿ ಚರ್ಚಿಸುವ ಪರೀಕ್ಷೆಯಿಂದಲೂ ಅಭ್ಯರ್ಥಿಗಳನ್ನು ಸೋಸುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆ, ಮೈದಾನದ ಗುಂಪು ಕೆಲಸ, ಸಂದರ್ಶನಗಳಿರುತ್ತವೆ. ಒಂದು ಪದಕ್ಕೆ 15 ಸೆಕೆಂಡಿನಂತೆ 60 ಪದಗಳಿಗೆ ವಾಕ್ಯ ಬರೆಯುವಾಗ ಬಾಯಿಪಾಠದ ಉತ್ತರ ನಿಲ್ಲುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ದಿನಕ್ಕೆ ಅರ್ಧ ಗಂಟೆ ಗೆಳೆಯರೊಡನೆ ಇಂಗ್ಲಿಷಿನಲ್ಲಿ ವಾದಿಸುವ ಅಭ್ಯಾಸವನ್ನು ಆರು ತಿಂಗಳು ಮೊದಲೇ ಆರಂಭಿಸಬೇಕು. ವ್ಯಾಕರಣ ತಪ್ಪಿದರೆ ಅಂಥ ನಷ್ಟವಿಲ್ಲ, ಗುಂಪಿನಲ್ಲಿ ಬಾಯಿ ಬಿಡದಿದ್ದರೆ ನಷ್ಟ.

ಹಾರಾಟ ವಿಭಾಗದವರು ಇನ್ನೊಂದು ಗೇಟು ದಾಟಬೇಕು. ಅದೇ ಸಿಪಿಎಸ್‌ಎಸ್, ಅಂದರೆ ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆ. ವಿಮಾನದ ಡಯಲ್‌ಗಳನ್ನು ಓದಿ ಅದರ ಸ್ಥಿತಿಯನ್ನು ಹೇಳುವುದು, ಕೈಯಲ್ಲಿ ಸ್ಟಿಕ್, ಕಾಲಲ್ಲಿ ಪೆಡಲ್ ಹಿಡಿದು ಪರದೆಯ ಮೇಲಿನ ಗುರಿಯನ್ನು ತಪ್ಪದೆ ಹಿಂಬಾಲಿಸುವುದು ಇದರ ಸಾರ. ಜೀವಮಾನದಲ್ಲಿ ಇದಕ್ಕೆ ಅವಕಾಶ ಒಂದೇ ಬಾರಿ. ಇಲ್ಲಿ ಅನುತ್ತೀರ್ಣರಾದವರು ವಾಯುಪಡೆಯ ಇತರ ವಿಭಾಗಗಳಿಗೆ ಸೇರಬಹುದೇ ಹೊರತು ಪೈಲಟ್ ಆಗುವಂತಿಲ್ಲ. ‘ಈ ಸಲ ಸುಮ್ಮನೆ ನೋಡಿ ಬರೋಣ’ ಎಂದು ಹದಿನೇಳನೆಯ ವಯಸ್ಸಿನಲ್ಲಿ ಸಿದ್ಧತೆಯಿಲ್ಲದೆ ಕೂರುವವರು ಈ ನಿಯಮವನ್ನು ಓದಿರುವುದಿಲ್ಲ. ಸೂಚನೆ ಕೊಡುವಾಗ ಒಂದು ಪದವೂ ತಪ್ಪದಂತೆ ಕೇಳಿಸಿಕೊಳ್ಳಿ, ಸಂದೇಹವನ್ನು ಅಲ್ಲೇ ಕೇಳಿರಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿರಿ.

ವೈದ್ಯಕೀಯ ತಪಾಸಣೆ ದೆಹಲಿಯಲ್ಲಿ ಅಥವಾ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ನಡೆಯುತ್ತದೆ. ಅಲ್ಲಿ ಅಳೆಯುವುದು ನೀವು ಮನೆಯಲ್ಲಿ ಅಳೆದದ್ದನ್ನೇ. ಅರ್ಹತಾ ಪಟ್ಟಿಯಲ್ಲಿ ಹೆಸರು ಬಂದವರು ಹೈದರಾಬಾದಿನ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ, ಎನ್‌ಡಿಎಯವರಾದರೆ ಪುಣೆಯ ಹತ್ತಿರದ ಖಡಕ್ವಾಸ್ಲಾದಲ್ಲಿ ಮೂರು ವರ್ಷ ಕಲಿತ ನಂತರ, ಪಿಲಾಟಸ್ ತರಬೇತಿ ವಿಮಾನದಲ್ಲಿ ಹಾರಲು ಕಲಿಯುತ್ತಾರೆ. ಯುದ್ಧವಿಮಾನ, ಸಾರಿಗೆ ವಿಮಾನ, ಹೆಲಿಕಾಪ್ಟರ್ ಎಂಬ ವಿಂಗಡಣೆ ಆಗುವುದು ಅಲ್ಲಿನ ಸಾಧನೆಯನ್ನೂ ಪಡೆಯ ಅಗತ್ಯವನ್ನೂ ನೋಡಿ. ಯುದ್ಧವಿಮಾನಕ್ಕೆ ಆಯ್ಕೆಯಾದವರು ಹಾಕ್ ಜೆಟ್ ಹಾರಿಸಲು ಬರುವುದು ನಮ್ಮ ಬೀದರಿಗೇ.