ಬಾಲ್ಕನಿಗೆ ಹಕ್ಕಿ ಬರಬೇಕೆ? ಮೊದಲು ಕುರ್ಚಿ ಹಾಕಿ

ಕುಂಡ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಬಾಲ್ಕನಿ ಬಾಗಿಲಿನ ಒಳಗಡೆ ಒಂದು ಕುರ್ಚಿ ಹಾಕಿ. ಎಲ್ಲರೂ ಗಿಡಕ್ಕೆ ಜಾಗ ಹುಡುಕುತ್ತಾರೆ, ತಾವು ಕೂರುವ ಜಾಗ ಮರೆಯುತ್ತಾರೆ. ಕೊನೆಗೆ ತೋಟ ಇನ್ನೊಂದು ಮನೆಗೆಲಸವಾಗಿ ಉಳಿಯುತ್ತದೆ.

ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಹದಿನೈದು ನಿಮಿಷ ಸಾಕು. ಕಾಫಿ ಲೋಟ ಹಿಡಿದು ಸುಮ್ನೆ ಕೂರಿ. ಫೋನ್ ಕೋಣೆಯಲ್ಲೇ ಇರಲಿ. ಅಲುಗಾಡಿದರೆ ಹಕ್ಕಿ ಹಾರಿಹೋಗುತ್ತದೆ. ಹಾಗಾಗಿ ನಮ್ಮ ಮೈಯೂ ತಾನಾಗಿ ನಿಧಾನವಾಗುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಸುಮಾರು 1,300 ಜನರ ಮನಸ್ಥಿತಿಯನ್ನು ಫೋನ್ ಆ್ಯಪ್ ಮೂಲಕ ಕೇಳಿ ತಿಳಿದು, 2022ರಲ್ಲಿ ವರದಿ ಪ್ರಕಟಿಸಿದರು. ಹಕ್ಕಿ ಕಂಡಾಗ ಅಥವಾ ಕೂಗು ಕೇಳಿದಾಗ ಮನಸ್ಸು ಹಗುರಾಗಿರುತ್ತದೆ, ಖಿನ್ನತೆ ಇರುವವರಲ್ಲೂ ಹೀಗೇ ಆಗುತ್ತದೆ ಎಂದು ಅದರಲ್ಲಿದೆ. 'ಇದನ್ನ ತಿಳಿಯೋಕೆ ಲಂಡನ್ನಿನವರೇ ಬೇಕಿತ್ತಾ?' ಎಂದರು ನನ್ನ ಅಮ್ಮ.

ಗಿಡ ಯಾವುದು?

ನರ್ಸರಿಯ ದುಬಾರಿ ಗಿಡ ಬೇಡ. ಐದೆಸಳಿನ ಕೆಂಪು ದಾಸವಾಳ ತನ್ನಿ. ಹನ್ನೆರಡು ಇಂಚಿನ ಕುಂಡ, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಇದ್ದರೆ ಆಯಿತು. ಮುದ್ದೆ ದಾಸವಾಳ ನೋಡಲು ಚೆಂದ, ಆದರೆ ಹಕ್ಕಿಗೆ ಜಾಸ್ತಿ ಉಪಯೋಗವಿಲ್ಲ. ಈ ಹೂವಿಗೆ ಸೂರಕ್ಕಿ ಬರುತ್ತದೆ. ಹೆಬ್ಬೆರಳಷ್ಟು ದೇಹ, ಬಾಗಿದ ಕೊಕ್ಕು. ಹೂವಿನ ಬಾಯಿಂದ ಕುಡಿಯುವ ತಾಳ್ಮೆ ಅದಕ್ಕಿಲ್ಲ, ಎಷ್ಟೋ ಸಲ ಬುಡಕ್ಕೇ ತೂತು ಹಾಕಿ ಮಕರಂದ ಕದಿಯುತ್ತದೆ. ಇದನ್ನೇ ಹಮ್ಮಿಂಗ್ ಬರ್ಡ್ ಎನ್ನುವವರಿದ್ದಾರೆ. ಆ ಹಕ್ಕಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಎರಡನೆಯದು ಕರಿಬೇವು. ಹೂ ಬಿಟ್ಟು ಕಪ್ಪು ಹಣ್ಣಾಗಲು ಬಿಡಿ, ಪಿಕಳಾರ (ಬುಲ್‌ಬುಲ್) ಬರುತ್ತದೆ. ಅಗಲವಾದ ಟಬ್ಬಿನಲ್ಲಿ ಒಂದು ಹಿಡಿ ರಾಗಿ ಚೆಲ್ಲಿ. ಮೂರು ನಾಲ್ಕು ತಿಂಗಳಿಗೆ ತೆನೆ ಬರುತ್ತದೆ, ಅದೃಷ್ಟವಿದ್ದರೆ ಕಾಳು ತಿನ್ನುವ ಪುಟ್ಟ ಹಕ್ಕಿ ರಾಟವಾಳಗಳ (ಮುನಿಯ) ಗುಂಪೂ ಬರುತ್ತದೆ. ಅಂಗಳ ಇರುವವರು ಗಸಗಸೆ ಹಣ್ಣಿನ ಮರ ನೆಡಿ. ರಾತ್ರಿ ಬಾವಲಿಯೂ ಬರುತ್ತದೆ, ಹಾಗಾಗಿ ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ ಬೇಡ.

ನೀರು

ಅಗಲವಾದ ಮಣ್ಣಿನ ತಟ್ಟೆ. ಎರಡು ಇಂಚಿಗಿಂತ ಆಳ ಬೇಡ. ನಡುವೆ ಒಂದು ಕಲ್ಲು. ನೀರನ್ನು ದಿನಾ ಬದಲಿಸಿ, ಪಾಚಿ ಉಜ್ಜಿ ತೊಳೆಯಿರಿ. ವಾರ ಬಿಟ್ಟರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದ ಹಾಗೆ. ಬೆಕ್ಕು ಅಡಗುವಂಥ ಮರೆ ಹತ್ತಿರದಲ್ಲಿ ಇರಬಾರದು.

ಕಾಳು ಹಾಕಬೇಡಿ

ಇಲ್ಲಿ ಕೆಲವರಿಗೆ ಬೇಜಾರಾಗಬಹುದು. ಬೆಂಗಳೂರಿನಂಥ ಊರಲ್ಲಿ ಕಾಳು ಚೆಲ್ಲಿದರೆ ಮೊದಲು ಬರುವುದು ಪಾರಿವಾಳ, ಆಮೇಲೆ ಬರುವುದೂ ಪಾರಿವಾಳ. ಒಣಗಿದ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೊನೆಗೆ ಬಲೆ ಕಟ್ಟಿಸಬೇಕಾಗುತ್ತದೆ, ಸೂರಕ್ಕಿಗೂ ದಾರಿ ಮುಚ್ಚುತ್ತದೆ. ಮಿಕ್ಕಿದ ಅನ್ನ, ಖಾರಾಸೇವೆಯೂ ಬೇಡ.

ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತೇ ಹತ್ತುತ್ತದೆ. ಪೈಪಿನ ನೀರು ರಭಸವಾಗಿ ಹೊಡೆಯಿರಿ. ಆಗಲೂ ಹೋಗದಿದ್ದರೆ ಬೇವಿನೆಣ್ಣೆ. ಕೀಟನಾಶಕ ತರಬೇಡಿ. ಮಕರಂದ ಕುಡಿಯುವ ಸೂರಕ್ಕಿ ತನ್ನ ಮರಿಗಳಿಗೆ ತಿನ್ನಿಸುವುದು ಹುಳ, ಜೇಡಗಳನ್ನೇ. ಜೇಡರಬಲೆಯನ್ನೂ ಪೂರ್ತಿ ಗುಡಿಸಬೇಡಿ. ಸೂರಕ್ಕಿ ಗೂಡು ಕಟ್ಟಲು ಅದನ್ನೇ ದಾರ ಮಾಡಿಕೊಳ್ಳುತ್ತದೆ. ಮನೆಗೆ ಬಂದವರು 'ಬಾಲ್ಕನಿ ಗುಡಿಸೋದಿಲ್ವಾ?' ಎಂದು ಕೇಳುತ್ತಾರೆ. ಕೇಳಲಿ ಬಿಡಿ.

ಗೂಡು ಕಟ್ಟಿದರೆ

ಮೊದಲ ವರ್ಷ ನಮ್ಮ ದಾಸವಾಳದ ಎರಡು ಎಲೆಗಳನ್ನು ಟುವ್ವಿ ಹಕ್ಕಿ ಹೊಲಿದಿತ್ತು. ನಾನು ದಿನಾ ಎಲೆ ಸರಿಸಿ ಫೋಟೋ ತೆಗೆದೆ. ನಾಲ್ಕನೇ ದಿನ ಗೂಡು ಹರಿದಿತ್ತು, ಮೊಟ್ಟೆ ಇರಲಿಲ್ಲ. ಎದುರಿನ ಕಂಬಿಯ ಮೇಲೆ ಕಾಗೆ ಕೂತಿತ್ತು. ಅದಕ್ಕೆ ಜಾಗ ತೋರಿಸಿದ್ದು ನಾನೇ ಇರಬೇಕು.

ಗೂಡು ಕಂಡರೆ ದೂರ ಇರಿ. ಕುಂಡ ಸರಿಸಬೇಡಿ, ಕೊಂಬೆ ಕತ್ತರಿಸಬೇಡಿ, ದೀಪಾವಳಿಯ ಸೀರಿಯಲ್ ಲೈಟನ್ನು ಆ ಕಡೆ ಕಟ್ಟಬೇಡಿ. ನೀರನ್ನು ಬುಡಕ್ಕೆ ಮೆಲ್ಲಗೆ ಹಾಕಿ. ಮೊಟ್ಟೆಯಿಂದ ಹಿಡಿದು ಮರಿ ಹಾರುವ ತನಕ ಹೆಚ್ಚೂಕಡಿಮೆ ಒಂದು ತಿಂಗಳು. ರೆಕ್ಕೆ ಬಲಿತ ಮರಿ ಕೆಳಗೆ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ಬಿಟ್ಟುಬಿಡಿ. ಪುಕ್ಕವಿಲ್ಲದ ಮರಿ ಬಿದ್ದಿದ್ದರೆ ಮೆತ್ತಗೆ ಎತ್ತಿ ಗೂಡಿಗೇ ಇಡಿ. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಸುಳ್ಳು.

ಮರುವರ್ಷ ಪಿಕಳಾರ ಕರಿಬೇವಿನ ಗಿಡದಲ್ಲೇ ಗೂಡು ಕಟ್ಟಿತು. ಆ ತಿಂಗಳು ಪೂರ್ತಿ ಒಗ್ಗರಣೆಗೆ ಪಕ್ಕದ ಮನೆಯವರ ಹತ್ತಿರ ಕರಿಬೇವು ಕೇಳಿ ತಂದೆವು.